ಕೆಲಸ ಸಿಗುವ ಮೊದಲೇ ಮಗುವನ್ನು ಡೇಕೇರ್‌ಗೆ ಸೇರಿಸುವುದು ದುಡ್ಡು ದಂಡವೇ?

‘ಕೆಲಸ ಖಚಿತವಾಗುವವರೆಗೆ ಒಂದೂವರೆ ವರ್ಷದ ಮಗುವನ್ನು ಡೇಕೇರ್‌ಗೆ ಕಳುಹಿಸುವುದು ದುಡ್ಡು ದಂಡವಲ್ಲವೇ, ಅದು ಮಲಗಿದ್ದಾಗ ಅರ್ಜಿ ಹಾಕಿದರೆ ಸಾಲದೇ’ ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನು ಕೆಲವು ವರ್ಷಗಳ ಹಿಂದೆ ಹೆಂಡತಿಯ ಮುಂದೆ ಬಹಳ ಜಾಣನಂತೆ ಹೇಳಿದ್ದೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಉಳಿದವನು ನಾನು; ಅವಳಿಗೆ ಹದಿನೇಳು ತಿಂಗಳಾದಾಗ ಮತ್ತೆ ಕೆಲಸ ಹುಡುಕಲು ಹೊರಟೆ.

ಮಲಗಿದ ಹೊತ್ತಿನ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಒಂದರಿಂದ ಎರಡು ವರ್ಷದ ಮಕ್ಕಳು ದಿನಕ್ಕೆ 11ರಿಂದ 14 ಗಂಟೆ ಮಲಗಬೇಕು ಎನ್ನುತ್ತಾರೆ, ಆದರೆ ಅದರಲ್ಲಿ ಬಹುಪಾಲು ರಾತ್ರಿಯದು. ಹಗಲಿನಲ್ಲಿ ನನಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಒಂದೂವರೆ ಗಂಟೆ, ಅದೂ ಯಾವಾಗ ಎಂಬುದು ಅವಳ ಇಚ್ಛೆ. ಒಮ್ಮೆ ತೊಂಬತ್ತು ನಿಮಿಷದ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದಾಗ ನಲವತ್ತನೆಯ ನಿಮಿಷಕ್ಕೆ ಎದ್ದಳು. ಆ ಕೆಲಸದ ಕಥೆ ಅಲ್ಲಿಗೆ ಮುಗಿಯಿತು.

ಆಗ ನನ್ನಂತೆಯೇ ಕೆಲಸ ಹುಡುಕುತ್ತಿದ್ದ ಗೆಳತಿಯೊಬ್ಬಳಿದ್ದಳು, ಅವಳ ಮಗನಿಗೆ ಎರಡು ವರ್ಷ. ನಾನು ಅವಳ ನಾಲ್ಕು ಪುಟದ ರೆಸ್ಯೂಮೆಯನ್ನು ಎರಡಕ್ಕೆ ಇಳಿಸಿಕೊಟ್ಟೆ. ಅವಳು ಫೋನಿನಲ್ಲೇ ಸಂದರ್ಶಕಿಯಾಗಿ ನನ್ನನ್ನು ಪ್ರಶ್ನಿಸಿ, ‘ನೀನು ಪ್ರತಿ ಉತ್ತರವನ್ನೂ ಕ್ಷಮೆ ಕೇಳುವವನಂತೆ ಶುರುಮಾಡುತ್ತೀಯ’ ಎಂದು ತಿದ್ದಿದಳು. ಆ ತಿದ್ದುಪಡಿಯನ್ನು ಒಪ್ಪಿಕೊಂಡೆ. ಜೊತೆಗೆ ಅವಳು ಹೇಳಿದ ಇನ್ನೊಂದು ಮಾತನ್ನು, ಅಂದರೆ ಅರ್ಜಿ ಹಾಕುವ ಮೊದಲೇ ಮಗುವನ್ನು ವಾರದಲ್ಲಿ ಎರಡು ಮೂರು ದಿನ ಬಿಟ್ಟು ಬರುವ ಅಭ್ಯಾಸ ಮಾಡು ಎಂಬುದನ್ನು, ನಕ್ಕು ತಳ್ಳಿಹಾಕಿದೆ. ಸಂಬಳವೇ ಇಲ್ಲದವನು ಶುಲ್ಕವನ್ನು ಎಲ್ಲಿಂದ ಕಟ್ಟಲಿ ಎಂಬುದು ನನ್ನ ವಾದವಾಗಿತ್ತು.

ಐದನೆಯ ತಿಂಗಳಲ್ಲಿ ಆಫರ್ ಬಂತು. ಯಾವಾಗ ಸೇರುತ್ತೀರಿ ಎಂದು ಕೇಳಿದಾಗ, ತಡಮಾಡಿದರೆ ಕೈತಪ್ಪೀತು ಎಂಬ ಭಯಕ್ಕೆ, ಎರಡೇ ವಾರ ಸಾಕು ಎಂದುಬಿಟ್ಟೆ. ಅವರು ಕೇಳಿದ್ದರೆ ಒಂದು ತಿಂಗಳು ಕೊಡುತ್ತಿದ್ದರು, ನನ್ನ ನಂತರ ಸೇರಿದವರಿಗೆ ಕೊಟ್ಟರು ಕೂಡ. ಆ ಎರಡು ವಾರಗಳಲ್ಲಿ ಮೊದಲನೆಯದು ಡೇಕೇರ್ ಹುಡುಕುವುದರಲ್ಲೇ ಕಳೆಯಿತು, ಏಕೆಂದರೆ ನೋಡಿದ ಮೂರರಲ್ಲಿ ಎರಡರಲ್ಲಿ ಜಾಗವಿರಲಿಲ್ಲ. ಮೂರನೆಯದರಲ್ಲಿ ಜಾಗ ಸಿಕ್ಕಿದ್ದು ಗುರುವಾರ. ಶುಕ್ರವಾರ ಒಂದು ಗಂಟೆ ನಾನೂ ಜೊತೆಗೆ ಕುಳಿತೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಿಟ್ಟು ಓಡಿದೆ.

ಅವಳು ಅತ್ತಳು. ಅಳುವುದು ದೊಡ್ಡ ಸಂಗತಿಯಲ್ಲ. ಸುಮಾರು ಎಂಟು ತಿಂಗಳಿಗೆ ಶುರುವಾಗುವ ಈ ಅಗಲಿಕೆಯ ಭಯ ಎರಡು ವರ್ಷದ ಆಸುಪಾಸಿನಲ್ಲಿಯೂ ಅನೇಕ ಮಕ್ಕಳಲ್ಲಿ ಇರುತ್ತದೆ, ಕ್ರಮೇಣ ತಗ್ಗುತ್ತದೆ. ನನ್ನನ್ನು ಕೆಡವಿದ್ದು ಜ್ವರ. ಹತ್ತನೆಯ ದಿನ ಮೊದಲ ಜ್ವರ ಬಂತು. ಮನೆಯಲ್ಲೇ ಬೆಳೆದ ಮಗು ಮೊದಲ ಬಾರಿ ಹತ್ತಾರು ಮಕ್ಕಳ ನಡುವೆ ಹೋದಾಗ ಆ ವರ್ಷವೆಲ್ಲ ಶೀತ ಜ್ವರ ಮರುಕಳಿಸುತ್ತಲೇ ಇರುವುದು ಸಾಮಾನ್ಯ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ಶೀತವಾಗುವುದು ಅಸಹಜವೇನಲ್ಲ. ಔಷಧವಿಲ್ಲದೆ ಜ್ವರ ಇಳಿದು 24 ಗಂಟೆ ಕಳೆಯುವವರೆಗೆ ಮಗುವನ್ನು ಕರೆತರಬಾರದು ಎಂಬ ನಿಯಮ ನಮ್ಮ ಡೇಕೇರ್‌ನಲ್ಲಿತ್ತು. ಹೀಗಾಗಿ ಮಂಗಳವಾರ ಮಧ್ಯಾಹ್ನದ ಜ್ವರವೆಂದರೆ ಬುಧವಾರ ಖಂಡಿತ ಇಲ್ಲ, ಗುರುವಾರವೂ ಅನುಮಾನ. ಹೊಸ ಕೆಲಸದಲ್ಲಿ ರಜೆ ಇನ್ನೂ ಜಮೆಯಾಗಿರಲಿಲ್ಲ, ಹೆಂಡತಿಯ ರಜೆ ಮೊದಲ ತಿಂಗಳಲ್ಲೇ ಕರಗಿತು. ಮೊದಲ ಎಂಟು ವಾರಗಳಲ್ಲಿ ನಾನು ಹನ್ನೊಂದು ದಿನ ಗೈರುಹಾಜರಾದೆ. ಪ್ರೊಬೇಷನ್ ಮುಗಿಯುವಾಗ ಸೌಜನ್ಯದಿಂದಲೇ ಬೀಳ್ಕೊಟ್ಟರು, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣವಿದೆ. ಆ ಜ್ವರಗಳು ಹೇಗಿದ್ದರೂ ಬರುವಂಥವೇ. ಅವು ನಾನು ಮನೆಯಲ್ಲಿದ್ದ ಐದು ತಿಂಗಳಲ್ಲಿ ಬಂದಿದ್ದರೆ ಒಂದೆರಡು ಅರ್ಜಿ ತಡವಾಗುತ್ತಿತ್ತು, ಅಷ್ಟೆ. ನಾನು ಅವನ್ನೆಲ್ಲ ಸೇರಿಸಿ, ನನ್ನ ಪ್ರತಿ ಗೈರುಹಾಜರಿಯನ್ನೂ ಒಬ್ಬರು ಎಣಿಸುತ್ತಿದ್ದ ಕಾಲಕ್ಕೆ ಮುಂದೂಡಿದ್ದೆ. ಐದು ತಿಂಗಳ ಅರೆದಿನದ ಶುಲ್ಕ ಉಳಿಸಿದೆ, ಅದಕ್ಕಿಂತ ಎಷ್ಟೋ ಪಟ್ಟು ಸಂಬಳ ಕಳೆದುಕೊಂಡೆ. ಇಷ್ಟು ಸುಲಭದ ಲೆಕ್ಕವನ್ನು ಆಗ ಏಕೆ ಮಾಡಲಿಲ್ಲ ಎಂದು ಈಗಲೂ ಆಗಾಗ ಯೋಚಿಸುತ್ತೇನೆ.

ಎರಡನೆಯ ಸಲ ಒಂದೂ ಅರ್ಜಿ ಹಾಕುವ ಮೊದಲು ಅವಳನ್ನು ವಾರಕ್ಕೆ ಮೂರು ಅರೆದಿನ ಕಳುಹಿಸಿದೆ. ಮೊದಲ ದಿನ ಅರ್ಧ ಗಂಟೆ, ಆಮೇಲೆ ಒಂದು, ಆಮೇಲೆ ಎರಡು. ಕಣ್ಣುತಪ್ಪಿಸಿ ಹೊರಡುವುದನ್ನು ಬಿಟ್ಟು, ಹೇಳಿಯೇ ಹೊರಟೆ. ಆ ಬಿಡುವಿನ ನಾಲ್ಕು ಗಂಟೆಗಳಲ್ಲಿ ಬರೆದ ಒಂದು ಅರ್ಜಿ, ಹಿಂದೆ ನಿದ್ದೆಯ ಸಂದುಗಳಲ್ಲಿ ಬರೆದ ಹತ್ತಕ್ಕೆ ಸಮನಾಗಿತ್ತು. ನಾಲ್ಕನೆಯ ತಿಂಗಳಲ್ಲಿ ಸಿಕ್ಕಿದ ಕೆಲಸದಲ್ಲೇ ಇವತ್ತಿಗೂ ಇದ್ದೇನೆ.

ಆದ್ದರಿಂದ ‘ಕೆಲಸ ಮೊದಲು, ಡೇಕೇರ್ ಆಮೇಲೆ’ ಎಂಬ ನಿಮ್ಮ ಕ್ರಮವನ್ನೇ ನಾನು ಒಪ್ಪುವುದಿಲ್ಲ. ರೆಸ್ಯೂಮೆಯಲ್ಲಿ ಮಧ್ಯದ ಖಾಲಿ ಅವಧಿಯನ್ನು ಹೇಗೆ ಮುಚ್ಚುವುದು ಎಂದೂ ಕೇಳಿದ್ದೀರಿ. ಮುಚ್ಚಬೇಡಿ, ಮಗುವಿನ ಆರೈಕೆ ಎಂದು ವರ್ಷಗಳ ಸಮೇತ ಒಂದೇ ಸಾಲಿನಲ್ಲಿ ಬರೆಯಿರಿ. ಲಿಂಕ್ಡ್‌ಇನ್ ಕೂಡ 2022ರಲ್ಲಿ ಇಂಥ ವಿರಾಮವನ್ನು ನಮೂದಿಸಲು ಪ್ರತ್ಯೇಕ ಜಾಗ ಮಾಡಿಕೊಟ್ಟಿದೆ. ಅಂಬೆಗಾಲಿನ ಮಗುವನ್ನು ಸಂಭಾಳಿಸಿದ್ದನ್ನು ‘ನಾಯಕತ್ವದ ಅನುಭವ’ ಎಂದು ಬಣ್ಣಿಸುವ ಚಪಲ ಮಾತ್ರ ಬೇಡ. ನಾನು ಒಮ್ಮೆ ಹಾಗೆ ಬರೆದು, ಸಂದರ್ಶನದಲ್ಲಿ ಅದನ್ನು ಗಟ್ಟಿಯಾಗಿ ಓದಿಸಿಕೊಂಡಿದ್ದೇನೆ.

ಶುಲ್ಕ ನಿಜವಾಗಿಯೂ ಎಟುಕದಿದ್ದರೆ ನಿಮ್ಮಂತೆಯೇ ಕೆಲಸ ಹುಡುಕುತ್ತಿರುವ ಒಬ್ಬರನ್ನು ಹಿಡಿಯಿರಿ. ನನಗೆ ಕೆಲಸ ಹೋದ ಮೇಲೆ, ಡೇಕೇರ್‌ಗೆ ಮತ್ತೆ ಕಳುಹಿಸುವ ಮೊದಲು, ನಾನು ಮತ್ತು ಆ ಗೆಳತಿ ಆರು ವಾರ ಹೀಗೆಯೇ ನಡೆಸಿದೆವು: ಮಂಗಳವಾರ ಅವಳ ಮಗ ನಮ್ಮ ಮನೆಯಲ್ಲಿ, ಗುರುವಾರ ನನ್ನ ಮಗಳು ಅವರ ಮನೆಯಲ್ಲಿ. ಎರಡನೆಯ ವಾರವೇ ಇಬ್ಬರು ಮಕ್ಕಳಿಗೂ ಒಟ್ಟಿಗೆ ಶೀತವಾಯಿತು. ಆಗ ನಮ್ಮಿಬ್ಬರಲ್ಲಿ ಯಾರಿಗೂ ಕೆಲಸವಿರಲಿಲ್ಲವಾದ್ದರಿಂದ ಯಾರ ಬಳಿಯೂ ರಜೆ ಕೇಳಬೇಕಾಗಲಿಲ್ಲ.