ಗೊಂಬೆಯ ಹಾಗೆ ಸೆಟೆದು ನಿಲ್ಲುವ ಚಿತ್ರಗಳ ಬಗ್ಗೆ

ಫೋಟೋ ನೋಡಿ ಬಿಡಿಸಿದ ಮನುಷ್ಯರು ಗೊಂಬೆಯ ಹಾಗೆ ಸೆಟೆದು ನಿಲ್ಲುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಕಲೆ ಓದುತ್ತಿದ್ದೇನೆ. ಇಲಸ್ಟ್ರೇಶನ್ ಸೆಮಿಸ್ಟರ್ ಶುರುವಾದಾಗ ನನ್ನದೂ ಇದೇ ಕಥೆ.

ನನಗೆ ದಾರಿ ತೋರಿಸಿದ್ದು ಬಂದರಿನ ದಕ್ಕೆ, ಅಂದರೆ ದೋಣಿಗಳಿಂದ ಮೀನು ಇಳಿಸುವ ಜಾಗ. ಬೆಳಿಗ್ಗೆ ಅಲ್ಲಿ ಯಾರೂ ಸುಮ್ನೆ ನಿಲ್ಲುವುದಿಲ್ಲ. ಬೂತಾಯಿ ಮೀನಿನ ಬುಟ್ಟಿ ಎತ್ತುವ ಹೆಂಗಸಿನ ಬೆನ್ನು ಹೇಗೆ ಬಾಗುತ್ತದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟನ್ನೇ 30 ಸೆಕೆಂಡಿನಲ್ಲಿ ಗೀಚಬೇಕು. ಕಣ್ಣು, ಮೂಗು, ಬೆರಳು ಬೇಡ. ತಲೆಯಿಂದ ಪಾದದವರೆಗೆ ಒಂದೇ ಬಾಗಿದ ಗೆರೆ ಮೊದಲು, ಮೈ ಆಮೇಲೆ. ಮೊದಲ ಎರಡು ವಾರದ ಪುಟಗಳು ಚೆನ್ನಾಗಿರಲಿಲ್ಲ. ಆಮೇಲೆ ಕೈ ತಾನಾಗಿ ಸಡಿಲವಾಯಿತು.

ಫೋಟೋ ಬಿಡಬೇಕಾಗಿಲ್ಲ. ಆದರೆ ಅದರ ಅಂಚನ್ನು ನಕಲು ಮಾಡಬೇಡಿ, ಭಾರ ಎಲ್ಲಿದೆ ಹುಡುಕಿ.

ನೆರಳು-ಬೆಳಕು ಕಲಿಯಲು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳು ಗೋಡೆ, ಛಾವಣಿ ತುಂಬಾ ಇವೆ. ಕಣ್ಣು ಅರೆಮುಚ್ಚಿ ನೋಡಿದರೆ ವಿವರಗಳು ಕರಗಿ, ಕಪ್ಪು, ನಡುಬಣ್ಣ, ಬಿಳುಪು ಮಾತ್ರ ಉಳಿಯುತ್ತದೆ. ಎಷ್ಟು ಚೆಂದ ಅಲ್ವಾ!

ಮಳೆಗಾಲದಲ್ಲಿ ಇಲ್ಲಿ ಜಲವರ್ಣ ಒಣಗುವುದೇ ಇಲ್ಲ, ಪೆನ್ಸಿಲ್ ಸಾಕು. ನಿಮ್ಮ ಹತ್ತು ಗೀಚುಗಳನ್ನು ಹಾಕಿ, ಖಂಡಿತ ನೋಡುತ್ತೇನೆ.