ಗೇರ್ ಬಾಕ್ಸ್ ಒಳಗಿನ ಹಿತ್ತಾಳೆಯನ್ನು ಕೇಳಿ

ಗಾಡಿ ಮಾತು: ಓದುಗರ ಪ್ರಶ್ನೆಗೆ ಹಾಸನದ ಹಳೇ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನನ್ನ ಹತ್ತಿರ 1998ರ ಟಾಟಾ 407 ಇದೆ. ಕಾಫಿ ಚೀಲ, ಗೊಬ್ಬರ, ಮೆಣಸು, ಎಲ್ಲಕ್ಕೂ ಅದೇ. ಎರಡು ತಿಂಗಳ ಹಿಂದೆ ಗೇರ್ ಆಯಿಲ್ ಬದಲಿಸಿದೆ. ‘ಹಳೇ ಗಾಡಿ, ದಪ್ಪ ಎಣ್ಣೆ ಹಾಕಿ, ಸ್ವಲ್ಪ ದುಬಾರಿ ಆದ್ರೂ ಒಳ್ಳೇದು’ ಎಂದು ಅಂಗಡಿಯವರು 85ಡಬ್ಲ್ಯು-140 ಕೊಟ್ಟರು. ಡಬ್ಬದ ಮೇಲೆ ಜಿಎಲ್-5 ಅಂತ ಇತ್ತು. ಈಗ ಬೆಳಿಗ್ಗೆ ಎರಡನೇ ಗೇರ್ ಹಾಕುವುದೆಂದರೆ ಕಲ್ಲುಚಪ್ಪಡಿ ತಳ್ಳಿದ ಹಾಗೆ. ಘಾಟಿಯಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕಿರ್ರ್ ಅನ್ನುತ್ತದೆ. ಗಾಡಿಯ ಪುಸ್ತಕವನ್ನು ಗೆದ್ದಲು ತಿಂದು ವರ್ಷಗಳಾದವು. ಇಲ್ಲಿನ ಗ್ಯಾರೇಜಿನವರು ಬಾಕ್ಸ್ ಇಳಿಸಲೇಬೇಕು ಅನ್ನುತ್ತಿದ್ದಾರೆ. ಏನು ಮಾಡಲಿ?
— ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು

ಉತ್ತರ: ಬಾಕ್ಸ್ ಇಳಿಸಬೇಡಿ ಸ್ವಾಮಿ. ಮೊದಲು ಎಣ್ಣೆ ಇಳಿಸಿ.

ನಿಮ್ಮ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದನ್ನೇ ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಹದಿನಾಲ್ಕನೇ ವಯಸ್ಸಿಗೆ ಬಿ.ಎಂ. ರಸ್ತೆಯ ಒಂದು ಗ್ಯಾರೇಜಿಗೆ ಹೆಲ್ಪರ್ ಆಗಿ ಸೇರಿದವನು ನಾನು. ಅಲ್ಲಿ ಗೇರ್ ಬಾಕ್ಸಿಗೂ ಹಿಂದಿನ ಕ್ರೌನಿಗೂ, ಅಂದರೆ ಹಿಂದಿನ ಚಕ್ರ ತಿರುಗಿಸುವ ದೊಡ್ಡ ಗೇರಿಗೂ, ಒಂದೇ ಡ್ರಮ್ಮಿನ ಎಣ್ಣೆ. ಒಂದೇ ಪಂಪು, ಒಂದೇ ಕೊಳವೆ. ಉಸ್ತಾದ್ ಇಲ್ಲದ ಒಂದು ದಿನ ನಾನೇ ದೊಡ್ಡ ಮನುಷ್ಯನ ಹಾಗೆ ಒಂದು ಲಾರಿಯ ಬಾಕ್ಸಿಗೆ ಕ್ರೌನ್ ಎಣ್ಣೆ ತುಂಬಿಸಿ ಕಳಿಸಿದೆ. ‘ಜಾಸ್ತಿ ಗಟ್ಟಿ ಇದೆ, ಜಾಸ್ತಿ ಬಾಳಿಕೆ ಬರುತ್ತೆ’ ಅಂತ ಡ್ರೈವರ್ ಅಣ್ಣನಿಗೆ ಭಾಷಣವನ್ನೂ ಮಾಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಲಾರಿ ವಾಪಸ್ ಬಂತು. ಉಸ್ತಾದ್ ಎಣ್ಣೆ ಇಳಿಸಿದರು. ಬಿಳಿ ಪಿಂಗಾಣಿ ತಟ್ಟೆಗೆ ಸ್ವಲ್ಪ ಹಿಡಿದು ಬಿಸಿಲಿಗೆ ತಂದರು. ಎಣ್ಣೆಯೊಳಗೆ ಚಿನ್ನದ ಪುಡಿ ಹೊಳೆಯುತ್ತಿತ್ತು. ‘ನೋಡೋ, ಮಾಲೀಕರ ದುಡ್ಡು’ ಎಂದರು. ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆ ಹೊಳಪು ಹಿತ್ತಾಳೆಯದು. ನಿಮ್ಮ ಗಾಡಿಯ ಕಾಲದ ಸಿಂಕ್ರೋಮೆಶ್ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಹಿತ್ತಾಳೆ ಜಾತಿಯ ಲೋಹದ ರಿಂಗುಗಳಿರುತ್ತವೆ. ನೀವು ಗೇರ್ ಹಾಕಿದಾಗ ಮೊದಲು ಈ ರಿಂಗು ಹೋಗಿ ಗೇರಿನ ಕೋನನ್ನು ತಬ್ಬಿಕೊಳ್ಳುತ್ತದೆ. ಎರಡರ ವೇಗವೂ ಒಂದಾದ ಮೇಲೆ ಹಲ್ಲು ಹಲ್ಲಿಗೆ ಕೂರುತ್ತದೆ. ತಬ್ಬಿಕೊಳ್ಳಬೇಕಾದರೆ ಮಧ್ಯದ ಎಣ್ಣೆ ಪಕ್ಕಕ್ಕೆ ಸರಿಯಬೇಕು ಅಲ್ವಾ? ಅದಕ್ಕೇ ರಿಂಗಿನ ಒಳಮೈಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ಅಂದರೆ ಗೇರ್ ಬಾಕ್ಸ್ ಎಣ್ಣೆಗೆ ಎರಡು ಕೆಲಸ, ಒಂದಕ್ಕೊಂದು ವಿರುದ್ಧ. ಹಲ್ಲುಗಳ ಮಧ್ಯೆ ನಿಲ್ಲಬೇಕು, ರಿಂಗಿನ ಕೆಳಗಿಂದ ಜಾಗ ಖಾಲಿ ಮಾಡಬೇಕು. 140 ನಂಬರ್ ಎಣ್ಣೆ ನಿಮ್ಮೂರಿನ ಡಿಸೆಂಬರ್ ಮುಂಜಾನೆಗೆ ಜೋನಿಬೆಲ್ಲ ಇದ್ದ ಹಾಗೆ. ಅದು ಬೇಗ ಸರಿಯುವುದಿಲ್ಲ. ನೀವು ತಳ್ಳುತ್ತಿರುವ ಕಲ್ಲುಚಪ್ಪಡಿ ಅದೇ.

ಇನ್ನು ಜಿಎಲ್ ವಿಚಾರ. ಜಿಎಲ್-4, ಜಿಎಲ್-5 ಎಂಬುದು ಎಣ್ಣೆ ಯಾವ ಬಗೆಯ ಗೇರಿನ ಕೆಲಸಕ್ಕೆ ಎಂಬ ಗುರುತು, ದಪ್ಪದ ಲೆಕ್ಕ ಅಲ್ಲ. ಐದು ನಾಲ್ಕಕ್ಕಿಂತ ದೊಡ್ಡ ಕ್ಲಾಸು ಅಂತಲೂ ಅಲ್ಲ. ಕ್ರೌನ್-ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರಿ ಉಜ್ಜುತ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆ ಸಾಲದು. ಹಾಗಾಗಿ ಗಂಧಕ, ರಂಜಕ ಸೇರಿದ ಮದ್ದು ಬೆರೆಸುತ್ತಾರೆ. ಅದು ಕಾವಿಗೆ ಉಕ್ಕಿನ ಮೇಲೆ ತೆಳು ಪದರ ಕಟ್ಟುತ್ತದೆ, ಸವೆಯುವುದು ಆ ಪದರ. ಜಿಎಲ್-5ರಲ್ಲಿ ಈ ಮದ್ದು ಜಿಎಲ್-4ರ ಹೆಚ್ಚುಕಮ್ಮಿ ಎರಡು ಪಟ್ಟು ಇರುತ್ತದೆ. ಉಕ್ಕಿಗೆ ಒಳ್ಳೆಯದೇ. ತಾಮ್ರ ಬೆರೆತ ಲೋಹಕ್ಕೆ ಗಂಧಕ ಆಗಿಬರುವುದಿಲ್ಲ. ಮನೆಯ ಬೆಳ್ಳಿ ಲೋಟ ಇಟ್ಟಲ್ಲೇ ಕಪ್ಪಾಗುತ್ತದಲ್ಲ, ಅದೂ ಗಾಳಿಯಲ್ಲಿರುವ ಗಂಧಕದ ಕೆಲಸ. ಲೋಡ್ ಹೊತ್ತು ಘಾಟಿ ಹತ್ತುವಾಗಿನ ಬಾಕ್ಸಿನ ಬಿಸಿಯಲ್ಲಿ ಹಿತ್ತಾಳೆಗೆ ಏನಾಗಬಹುದು, ಲೆಕ್ಕ ಹಾಕಿ.

ಈಗಿನ ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಗೆ ಅಷ್ಟು ಕ್ರೂರಿಗಳಲ್ಲ. ಎರಡೂ ನಂಬರ್ ಬರೆದ ಡಬ್ಬಗಳೂ ಸಿಗುತ್ತವೆ. ಆದರೆ ಜಿಎಲ್-5 ಎಂಬ ಮಾತು ಉಕ್ಕಿನ ಹಲ್ಲಿನ ಬಗ್ಗೆ ಕೊಟ್ಟ ಭರವಸೆ. ನಿಮ್ಮ ರಿಂಗಿನ ಬಗ್ಗೆ ಅದು ಬಾಯಿ ಬಿಟ್ಟಿಲ್ಲ. ಹಳೇ ಬಾಕ್ಸಿಗೆ ನಾನು ಅದನ್ನು ಹಾಕುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಪುಸ್ತಕ ಇಲ್ಲ ಅಂದಿರಿ. ಬಾಕ್ಸಿನ ಮೇಲೆ ಒಂದು ತಗಡು ಅಥವಾ ಅಚ್ಚೊತ್ತಿದ ಅಕ್ಷರ ಇರುತ್ತದೆ. ಮಣ್ಣು ಕೆರೆದು, ಫೋಟೊ ತೆಗೆದು ಕಂಪನಿ ಸರ್ವಿಸ್ ಕೇಂದ್ರದವರಿಗೆ ತೋರಿಸಿ, ಎಣ್ಣೆಯ ಪಟ್ಟಿ ಕೇಳಿ. ಗಾಡಿಯ ಮಾಡೆಲ್ ಹೇಳಿ ಸುಮ್ನೆ ಕೇಳಬೇಡಿ. ಇಷ್ಟು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ, ಗುಜರಿಯಿಂದ ಬೇರೆ ಬಾಕ್ಸ್ ತಂದು ಕೂರಿಸಿದ್ದಾರೋ ಯಾರಿಗೆ ಗೊತ್ತು! ನನ್ನ ಶೆಡ್ಡಿಗೆ ಬರುವ ಹಳೇ ಗಾಡಿಗಳಲ್ಲಿ ಇಂಥವು ಬೇಕಾದಷ್ಟಿವೆ. ಎಣ್ಣೆ ಬಾಕ್ಸಿಗೆ, ನಂಬರ್ ಪ್ಲೇಟಿಗಲ್ಲ. ಪಟ್ಟಿ ಸಿಕ್ಕರೆ ಅದರಂತೆ ನಡೆಯಿರಿ. ಸಿಗದೇ ಹೋದರೆ, ಹಿತ್ತಾಳೆ ರಿಂಗಿನ ಬಾಕ್ಸಿಗೆ ಜಿಎಲ್-4, 80ಡಬ್ಲ್ಯು-90. ಸೀಲ್ ಇರುವ ಡಬ್ಬ ತನ್ನಿ, ಲೂಸ್ ಎಣ್ಣೆ ಬೇಡ. ಈಗ ಹಾಕಿರುವ ಎಣ್ಣೆಯ ಬೆಲೆ ನೆನೆದು ಹೊಟ್ಟೆ ಉರಿದರೆ, ಹಿಂದಿನ ಕ್ರೌನಿಗೆ ಯಾವುದು ಬೇಕೆಂದು ಅದೇ ಪಟ್ಟಿಯಲ್ಲಿ ನೋಡಿ. ಡಬ್ಬದಲ್ಲಿ ಉಳಿದದ್ದು ಅಲ್ಲಿಗೆ ಆಗಬಹುದು. ಬಾಕ್ಸಿನಿಂದ ಇಳಿಸಿದ್ದನ್ನು ಮಾತ್ರ ಹಾಕಬೇಡಿ.

ಬದಲಿಸುವಾಗ ಒಂದು ಹತ್ತು ಕಿಲೋಮೀಟರ್ ಓಡಿಸಿ ಬನ್ನಿ, ಎಣ್ಣೆ ಬಿಸಿಯಾಗಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮೊದಲು ಮೇಲಿನ ಲೆವೆಲ್ ನಟ್ ಬಿಚ್ಚಿ. ಇದು ಮುಖ್ಯ. ಕೆಳಗಿನದನ್ನು ಬಿಚ್ಚಿ ಎಣ್ಣೆಯನ್ನೆಲ್ಲ ಚೆಲ್ಲಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ, ಗಾಡಿ ಅಲ್ಲೇ ಬಿತ್ತು. ಡ್ರೈನ್ ನಟ್ಟಿಗೆ ಆಯಸ್ಕಾಂತ ಇದ್ದರೆ ಅದನ್ನು ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟು ಇದ್ದರೆ ವಯಸ್ಸಿನ ಸವೆತ, ಹೆದರಬೇಡಿ. ಚೂರು ಸಿಕ್ಕರೆ ಹಲ್ಲು ಒಡೆದಿದೆ, ಆಗ ನಿಮ್ಮ ಗ್ಯಾರೇಜಿನವರು ಹೇಳಿದ್ದೇ ಸರಿ. ಎಣ್ಣೆ ಹಾಲು ಹಾಕಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ. ಮಲೆನಾಡಿನಲ್ಲಿ ಇದು ಸಾಮಾನ್ಯ. ಬಿಸಿ ಬಾಕ್ಸು ತಣ್ಣನೆ ಹಳ್ಳಕ್ಕಿಳಿದಾಗ, ಅದು ಉಸಿರಾಡುವ ಬ್ರೀದರ್ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ಆ ತೂತನ್ನೂ ಒರೆಸಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಎಣ್ಣೆ ಸೀಲ್ ದಾಟಿ ಹೊರಬರುತ್ತದೆ, ಆಮೇಲೆ ಸೀಲಿನ ಮೇಲೆ ಅಪವಾದ.

ಡೀಸೆಲ್ ಹಾಕಿ ತೊಳೆಯೋಣ ಅನ್ನುವವರು ಸಿಗುತ್ತಾರೆ. ಬೇಡ. ಬೇರಿಂಗಿನ ಮೇಲಿನ ಎಣ್ಣೆಯನ್ನೂ ಅದು ತೊಳೆದು ಹಾಕುತ್ತದೆ. ಆಮೇಲೆ ಸ್ವಲ್ಪ ಒಳಗೇ ಉಳಿದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಹೊಸದನ್ನು ಲೆವೆಲ್ ತೂತಿನಿಂದ ತೊಟ್ಟಿಕ್ಕುವವರೆಗೆ ಹಾಕಿ, ಅಷ್ಟೇ. ‘ಇನ್ನೊಂದು ಅರ್ಧ ಲೀಟರ್ ಇರಲಿ’ ಎಂಬ ಪ್ರೀತಿ ಬೇಡ. ಇಳಿಸಿದ ಎಣ್ಣೆಯನ್ನು ತೋಟದ ಚರಂಡಿಗೆ ಬಿಡಬೇಡಿ, ಕೆಳಗಿನ ಮನೆಯವರು ಅದೇ ನೀರು ಕುಡಿಯುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಬೆಳಿಗ್ಗೆ ಮಾತ್ರವಲ್ಲದೆ ಬಿಸಿಯಾದಾಗಲೂ ಎಲ್ಲ ಗೇರೂ ಕಿರ್ರೆಂದರೆ ಕ್ಲಚ್ ನೋಡಿ. ಗಾಡಿ ನಿಂತಿರಲಿ, ಎಂಜಿನ್ ಸಣ್ಣಗೆ ಓಡುತ್ತಿರಲಿ. ಕ್ಲಚ್ ಪೂರ್ತಿ ತುಳಿದು ನಾಲ್ಕೈದು ಎಣಿಸಿ. ಆಮೇಲೆ ರಿವರ್ಸ್ ಹಾಕಿ. ಹಳೇ ಬಾಕ್ಸುಗಳ ರಿವರ್ಸಿಗೆ ಸಾಮಾನ್ಯವಾಗಿ ರಿಂಗ್ ಇರುವುದಿಲ್ಲ. ಅಷ್ಟು ಹೊತ್ತು ಕಾದ ಮೇಲೂ ಕಿರುಚಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಕ್ಲಚ್ ಸರಿ ಇದ್ದು ಎರಡನೇ ಗೇರ್ ಒಂದೇ ಕಿರುಚಿದರೆ ಆ ರಿಂಗು ಮುಗಿದಿದೆ. ಬಾಕ್ಸ್ ಇಳಿಸುವವರೆಗೆ ಡಬಲ್ ಕ್ಲಚ್ (ನ್ಯೂಟ್ರಲ್ಲಿಗೆ ಒಮ್ಮೆ, ಗೇರಿಗೆ ಇನ್ನೊಮ್ಮೆ ಕ್ಲಚ್ ತುಳಿಯುವುದು) ಮಾಡಿಕೊಂಡು ಓಡಿಸಿ. ಹಳೇ ಲೇಲ್ಯಾಂಡ್ ಓಡಿಸಿದ ಯಾರಾದರೂ ಹಿರಿಯ ಡ್ರೈವರ್ ನಿಮ್ಮೂರಲ್ಲಿದ್ದರೆ ಒಂದು ಕಾಫಿ ಕುಡಿಸಿ ಕಲಿತುಕೊಳ್ಳಿ.

ಪ್ರಶ್ನೆ: ನಾನು ಮೂವತ್ತು ವರ್ಷ ಲಾರಿ ಓಡಿಸಿದವನು. ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ 1994ರ ಫೋರ್ಡ್ ಎಫ್-150 ಪಿಕಪ್ ತಗೊಂಡಿದ್ದಾನೆ. ಐದು ಗೇರು, ಕೈಯಲ್ಲೇ ಹಾಕುವಂಥದ್ದು. ಗೇರ್ ಬಾಕ್ಸಿನಿಂದ ಕೆಂಪು ಎಣ್ಣೆ ಇಳಿಯಿತಂತೆ. ವಿಡಿಯೊದಲ್ಲಿ ತೋರಿಸಿದ, ಶರಬತ್ತಿನ ಹಾಗಿತ್ತು. ಆಟೋಮ್ಯಾಟಿಕ್ ಗಾಡಿಯ ಎಣ್ಣೆ ಹಾಕಿ ನಿನಗೆ ಮೋಸ ಮಾಡಿದ್ದಾರೆ, 90 ಹಾಕು ಎಂದೆ. ಅವನು ಕೇಳುತ್ತಿಲ್ಲ.
— ನಿವೃತ್ತ ಚಾಲಕ, ದಾವಣಗೆರೆ

ಉತ್ತರ: ಅಣ್ಣಾ, ಇವತ್ತೇ ಫೋನ್ ಮಾಡಿ ‘ನೀನು ಹೇಳಿದ್ದೇ ಸರಿ ಕಣೋ’ ಅನ್ನಿ. ಆ ಕಾಲದ ಎಫ್-150ಯ ಐದು ಗೇರಿನ ಬಾಕ್ಸ್ ಎಂ5ಒಡಿ-ಆರ್2. ಫೋರ್ಡ್‌ಗೆ ಅದನ್ನು ಮಾಡಿಕೊಟ್ಟವರು ಮಾಜ್ದಾದವರು. ಅದಕ್ಕೆ ಫೋರ್ಡಿನವರೇ ಹೇಳಿದ ಎಣ್ಣೆ ಮರ್ಕಾನ್, ಅಂದರೆ ಆಟೋಮ್ಯಾಟಿಕ್ ಬಾಕ್ಸಿನ ಕೆಂಪು ಎಣ್ಣೆಯೇ. ಅಂಥ ತೆಳು ಎಣ್ಣೆಗೆಂದೇ ಮಾಡಿದ ಬಾಕ್ಸಿಗೆ 90 ಹಾಕಿದರೆ ಚಳಿಗಾಲದಲ್ಲಿ ಗೇರೇ ಬೀಳದು. ನಮ್ಮ ಅನುಭವ ನಮ್ಮ ಬಾಕ್ಸುಗಳದು ಅಣ್ಣಾ, ಅದನ್ನು ಹಡಗು ಹತ್ತಿಸಿದರೆ ಹೀಗಾಗುತ್ತದೆ.

ಆದರೆ ಅಪ್ಪನಾಗಿ ನೀವು ಹೇಳಬೇಕಾದ ಮಾತು ಬೇರೆ ಇದೆ. ಆ ಬಾಕ್ಸಿನ ಮೇಲ್ಮುಚ್ಚಳದ ಹಿಂಭಾಗದಲ್ಲಿ ಮೂರು ರಬ್ಬರ್ ಬಿರಡೆಗಳಿವೆ. ವಯಸ್ಸಾದಂತೆ ಅವು ಒಣಗಿ ಎಣ್ಣೆ ಸೋರಿಸುತ್ತವೆ. ಸೋರಿದ್ದು ಹಿಂದಕ್ಕೆ ಹರಿಯುವುದರಿಂದ ಹಿಂದಿನ ಸೀಲ್ ಹೋಗಿದೆ ಅಂದುಕೊಳ್ಳುತ್ತಾರೆ. ಸೀಲ್ ಬದಲಿಸುತ್ತಾರೆ, ಸೋರುತ್ತಲೇ ಇರುತ್ತದೆ, ಒಂದು ದಿನ ಬಾಕ್ಸ್ ಒಣಗಿ ಬೇರಿಂಗ್ ಸುಟ್ಟುಹೋಗುತ್ತದೆ. ಆ ಬಿರಡೆಗಳನ್ನು ಮುಟ್ಟಿ ನೋಡಲು ಹೇಳಿ. ಮೂವತ್ತು ವರ್ಷ ಓಡಿಸಿದವರ ಮರ್ಯಾದೆಯೂ ಉಳಿಯುತ್ತದೆ.

ಪ್ರಶ್ನೆ: ಎಂಜಿನ್ ಎಣ್ಣೆ 40, ಗೇರ್ ಎಣ್ಣೆ 90. ಎರಡು ಪಟ್ಟಿಗಿಂತ ಜಾಸ್ತಿ ದಪ್ಪ ಅಲ್ವಾ?
— ಐ.ಟಿ.ಐ. ವಿದ್ಯಾರ್ಥಿ, ತುಮಕೂರು

ಉತ್ತರ: ಅಲ್ಲ. ಸೇರಿಗೂ ಲೀಟರಿಗೂ ಇರುವ ಹಾಗೆ ಅವು ಬೇರೆ ಬೇರೆ ಅಳತೆಗಳು. 100 ಡಿಗ್ರಿ ಬಿಸಿಯಲ್ಲಿ 90 ನಂಬರಿನ ಗೇರ್ ಎಣ್ಣೆ ಹೆಚ್ಚುಕಮ್ಮಿ 40-50 ನಂಬರಿನ ಎಂಜಿನ್ ಎಣ್ಣೆಯಷ್ಟೇ ದಪ್ಪ. ಎರಡೂ ಪಟ್ಟಿಗಳ ನಂಬರ್ ಬೆರೆತುಹೋಗಬಾರದೆಂದು ಗೇರಿನದನ್ನು ಮೇಲಕ್ಕೆ ಇಟ್ಟಿದ್ದಾರೆ. ವ್ಯತ್ಯಾಸ ಇರುವುದು ಮದ್ದಿನಲ್ಲಿ. ಅಮೆರಿಕದ ದೊಡ್ಡ ಲಾರಿಗಳ ಸಿಂಕ್ರೋ ಇಲ್ಲದ ಬಾಕ್ಸುಗಳಿಗೆ 40-50ರ ಎಂಜಿನ್ ಎಣ್ಣೆಯನ್ನೇ ಹೇಳುತ್ತಿದ್ದ ಕಾಲವೂ ಇತ್ತು. ಇದನ್ನೋದಿ ಅಪ್ಪನ ಗಾಡಿಗೆ ಹಾಕಿಬಿಡಬೇಡಪ್ಪ.

ಪ್ರಶ್ನೆ: ಹಳೇ ಲಾರಿಯೊಂದನ್ನು ನೋಡಿದೆ. ಗೇರ್ ಬಾಕ್ಸ್ ಒಂದು ಚೂರೂ ಸದ್ದು ಮಾಡುವುದಿಲ್ಲ. ದಲ್ಲಾಳಿ ‘ಬಾಕ್ಸು ಬೆಣ್ಣೆ’ ಅನ್ನುತ್ತಾರೆ. ತಗೊಳ್ಳಲಾ?
— ಓದುಗರು, ಅರಸೀಕೆರೆ

ಉತ್ತರ: ಇಪ್ಪತ್ತು ವರ್ಷದ ಬಾಕ್ಸು ಸ್ವಲ್ಪ ಗೊಣಗಬೇಕು. ಗೊಣಗದಿದ್ದರೆ ನನಗೆ ಅನುಮಾನ. ಸವೆದ ಬಾಕ್ಸಿನ ಬಾಯಿ ಮುಚ್ಚಿಸಲು ಎಣ್ಣೆಗೆ ಮರದ ಹೊಟ್ಟು ಬೆರೆಸುವುದು ಬಹಳ ಹಳೇ ಆಟ. ಇನ್ನು ಕೆಲವರು ಬಾಳೆಹಣ್ಣನ್ನೂ ಬಿಟ್ಟಿಲ್ಲ. ಒಂದಷ್ಟು ದಿನ ಗಪ್‌ಚಿಪ್. ಅಷ್ಟರಲ್ಲಿ ಆರ್‌ಸಿ ನಿಮ್ಮ ಹೆಸರಿಗೆ ಬಂದಿರುತ್ತದೆ.

ಲೆವೆಲ್ ನಟ್ ಬಿಚ್ಚಿಸಿ. ಕಿರುಬೆರಳು ಹಾಕಿ ಎಣ್ಣೆ ತೆಗೆದು, ಎರಡು ಬೆರಳ ಮಧ್ಯೆ ಉಜ್ಜಿ. ಸರಿಯಾದ ಗೇರ್ ಎಣ್ಣೆಗೆ ಗಂಧಕದ ಗಬ್ಬು ವಾಸನೆ ಇರುತ್ತದೆ. ಬಟ್ಟೆಗೆ ತಾಗಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಬೆರಳಿಗೆ ರವೆಯ ಹಾಗೆ ಏನಾದರೂ ಸಿಕ್ಕರೆ, ಇಲ್ಲವೇ ಮರ ಕೊಯ್ಯುವ ಮಿಲ್ಲಿನ ವಾಸನೆ ಬಂದರೆ, ಕೈ ಒರೆಸಿಕೊಂಡು ಬಸ್ಸು ಹತ್ತಿ. ದಲ್ಲಾಳಿ ನಟ್ ಬಿಚ್ಚಲು ಬಿಡುವುದೇ ಇಲ್ಲ ಎಂದರೆ ಕೈ ಒರೆಸುವ ಕೆಲಸವೂ ಇಲ್ಲ.