ನಿಮ್ಮ ಕಾಂಬೋಡಿಯಾ ಲೇಖನ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

‘ಸ್ವರ್ಗದ ಬಾಗಿಲು ಕಾಂಬೋಡಿಯಾ’ ಎಂಬ ನಿಮ್ಮ ಪ್ರವಾಸ ಲೇಖನ ತಲುಪಿದೆ. ಸುಮಾರು 4,000 ಪದ, 22 ಫೋಟೊ. ಕಳೆದ ಏಪ್ರಿಲ್‌ನಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಸಿಯಾಮ್ ರೀಪ್, ನೋಮ್ ಪೆನ್, ಕಾಂಪೋಟ್, ಕೊನೆಗೆ ಕೋ ರೋಂಗ್ ದ್ವೀಪ ಸುತ್ತಿದ್ದೀರಿ. ಲೇಖನ ಈಗಿರುವಂತೆ ಪ್ರಕಟಣೆಗೆ ಆಗದು. ಆದರೆ ನಾವು ಖುಷಿಯಿಂದ ಹಾಕಿಕೊಳ್ಳುವಂಥ ಲೇಖನವೊಂದು ಇದರ ಒಳಗೇ ಇದೆ. ಇಷ್ಟು ಉದ್ದ ಬರೆಯುತ್ತಿರುವುದು ಅದನ್ನು ನೀವು ಹೊರಗೆ ತೆಗೆಯಲಿ ಎಂದು.

ಮುಖ್ಯ ತೊಂದರೆಯನ್ನು ಮೊದಲೇ ಹೇಳಿಬಿಡುತ್ತೇವೆ. ನೀವು ನಿಜವಾಗಿ ಅಲ್ಲಿಗೆ ಹೋಗಿದ್ದಿರಿ ಎನ್ನುವುದಕ್ಕೆ ಮೊದಲ ಐದು ಪುಟಗಳಲ್ಲಿ ಗುರುತೇ ಇಲ್ಲ. ‘ಸಿಯಾಮ್ ರೀಪ್ ವಿಮಾನ ನಿಲ್ದಾಣದಿಂದ ಹತ್ತೇ ನಿಮಿಷದಲ್ಲಿ ಹಾಸ್ಟೆಲ್ ಸೇರಿದೆವು’ ಎಂದಿದ್ದೀರಿ. ಊರ ಮಗ್ಗುಲಲ್ಲಿದ್ದ ಹಳೆಯ ನಿಲ್ದಾಣ 2023ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಹೊಸದು ಊರಿನಿಂದ 40 ಕಿ.ಮೀ.ಗಿಂತ ಹೆಚ್ಚು ದೂರ, ಹತ್ತು ನಿಮಿಷದಲ್ಲಿ ಯಾವ ಗಾಡಿಯೂ ಅಲ್ಲಿಂದ ಊರು ಮುಟ್ಟದು. ಆ ಊರಿನ ಪಕ್ಕದ ಹಳೆಯ ಗುಡಿಗಳ ಸಮೂಹದ ಬಗ್ಗೆ ‘ಅಂಕೋರ್ ಪ್ರವೇಶಕ್ಕೆ 20 ಡಾಲರ್’ ಎಂದಿರುವುದೂ 2017ಕ್ಕೆ ಮುಂಚಿನ ದರ. ಈಗ ಒಂದು ದಿನಕ್ಕೆ 37, ಮೂರು ದಿನಕ್ಕೆ 62, ಏಳು ದಿನಕ್ಕೆ 72 ಡಾಲರ್. ಮೂರು ದಿನದ ಪಾಸನ್ನು ಸತತ ಮೂರು ದಿನ ಬಳಸಬೇಕಾಗಿಲ್ಲ, ಹತ್ತು ದಿನಗಳ ಒಳಗೆ ಯಾವ ಮೂರು ದಿನವಾದರೂ ನಡೆಯುತ್ತದೆ. ನೀವು ಪಾಸು ಕೊಂಡಿದ್ದೀರಿ, ಅದರ ಮೇಲೆ ನಿಮ್ಮ ಫೋಟೊ ಅಚ್ಚಾಗಿರುತ್ತದೆ, ಬಹುಶಃ ಅದಿನ್ನೂ ನಿಮ್ಮ ಚೀಲದಲ್ಲೇ ಇದೆ. ಆದರೂ ದರವನ್ನು ಮಾತ್ರ ಬೇರೆಯವರ ಹಳೆಯ ಬರಹದಿಂದ ಎತ್ತಿದ್ದೀರಿ. ಅಲ್ಲಿಗೆ ಹೋಗಿಬಂದ ಓದುಗರು ಈ ಎರಡು ವಾಕ್ಯಗಳನ್ನು ಓದಿದ ಮೇಲೆ, ನೀವು ಕಣ್ಣಾರೆ ಕಂಡು ಬರೆದದ್ದನ್ನೂ ನಂಬುವುದಿಲ್ಲ.

ಬೆಲೆ, ದೂರ, ಸಮಯ ಇವು ಮೂರೂ ನಿಮ್ಮ ಚೀಟಿ, ರಸೀದಿ, ಫೋನಿನ ಫೋಟೊಗಳಿಂದಲೇ ಬರಬೇಕು. ಫೋಟೊ ತೆಗೆದ ಗಂಟೆ, ನಿಮಿಷ ಫೋನಿನಲ್ಲೇ ಉಳಿದಿರುತ್ತದೆ. ಯಾವ ಗೋಪುರದ ಮುಂದೆ ಎಷ್ಟು ಹೊತ್ತಿಗೆ ನಿಂತಿದ್ದಿರಿ ಎಂದು ಈಗಲೂ ಕೂತು ಹೊಂದಿಸಬಹುದು. ಬೆಳಗಿನ ಜಾವ ಗೇಟಿಗೆ ಹೋಗಿ, ಪಾಸಿಲ್ಲದೆ ವಾಪಸ್ ಟಿಕೆಟ್ ಕೌಂಟರಿಗೆ ಓಡಿದ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದುಗರಿಗೆ ಕೆಲಸಕ್ಕೆ ಬರುವುದು ಅದೇ. ಟಿಕೆಟ್ ಕೌಂಟರ್ ಬೇರೆ ಕಡೆ ಇದೆ, ದೇವಸ್ಥಾನದ ಬಾಗಿಲಲ್ಲಿ ಪಾಸು ಮಾರುವುದಿಲ್ಲ. ಹಿಂದಿನ ಸಂಜೆ ಐದರ ಮೇಲೆ ಕೊಂಡರೆ ಮಾರನೆಯ ದಿನದ ಪಾಸು ಸಿಗುತ್ತದೆ, ಅದರ ಮೇಲೆ ಆ ಸಂಜೆಯ ಸೂರ್ಯಾಸ್ತವನ್ನೂ ನೋಡಿಕೊಂಡು ಬರಬಹುದು. ಇಷ್ಟನ್ನು ಬರೆಯಿರಿ. ‘ಮಂತ್ರಮುಗ್ಧ’, ‘ವರ್ಣನಾತೀತ’, ‘ಕಣ್ಮನ ಸೆಳೆಯುವ’ ಎಂಬ ಪದಗಳು ಒಟ್ಟು 19 ಕಡೆ ಬಂದಿವೆ, ಅಷ್ಟನ್ನೂ ಹೊಡೆದುಹಾಕಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ‘ಭಾರತೀಯ ರಾಜರು ಕಟ್ಟಿಸಿದ ಅಂಕೋರ್ ವಾಟ್’ ಎಂದು ಎರಡು ಕಡೆ ಬರೆದಿದ್ದೀರಿ. 12ನೇ ಶತಮಾನದ ಮೊದಲರ್ಧದಲ್ಲಿ ಅದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ಕಾಂಬೋಡಿಯಾದ್ದೇ ಆದ ಖಮೇರ್ ಜನಾಂಗದ ದೊರೆ. ಹೆಸರು ಸಂಸ್ಕೃತದ್ದು, ದೇವರು ವಿಷ್ಣು, ಕಟ್ಟಿದ ಕೈಗಳು ಆ ನೆಲದವು. ಆಮೇಲೆ ಅದು ಬೌದ್ಧರ ಪೂಜಾಸ್ಥಳವಾಯಿತು, ಇವತ್ತಿಗೂ ಅಲ್ಲಿ ಭಿಕ್ಷುಗಳಿದ್ದಾರೆ, ಆ ದೇಶದ ಬಾವುಟದ ಮೇಲಿರುವುದೂ ಅದೇ ಗುಡಿ. ಅದನ್ನು ನಮ್ಮದೆಂದು ಹೇಳಿಕೊಂಡರೆ ಅಲ್ಲಿಯವರಿಗೆ ಅವಮಾನ. ನಮ್ಮ ಓದುಗರಿಗೂ ತಪ್ಪು ತಿಳಿವಳಿಕೆ ಕೊಟ್ಟಂತೆ.

ಈಗ ಒಳ್ಳೆಯದಕ್ಕೆ ಬರೋಣ. ಒಂಬತ್ತನೇ ಫೋಟೊದ ಅಡಿಯಲ್ಲಿ ‘ಹಾವು ಎಳೆಯುವವರ ಸಾಲಿನ ಕೊನೆಯಲ್ಲಿ ಹನುಮಂತ ಯಾಕೆ ನಿಂತಿದ್ದಾನೆ?’ ಎಂದು ಕೇಳಿದ್ದೀರಿ. ನೀವು ಕಳಿಸಿದ್ದರಲ್ಲೆಲ್ಲ ಅತ್ಯುತ್ತಮ ವಾಕ್ಯ ಇದು, ಲೇಖನದ ಒಳಗೆ ಮಾತ್ರ ಇದರ ಸುಳಿವೇ ಇಲ್ಲ. ಅಲ್ಲಿ ಇರುವುದು ‘ಗೋಡೆಗಳ ಮೇಲೆ ರಾಮಾಯಣ, ಮಹಾಭಾರತದ ಅದ್ಭುತ ಕೆತ್ತನೆಗಳಿವೆ’ ಎಂಬ ಸಾಲು, ಅದನ್ನು ಹೋಗದೆಯೂ ಬರೆಯಬಹುದು. ಹನುಮಂತನ ಪ್ರಶ್ನೆ ಹಾಗಲ್ಲ. ಗೋಡೆಯ ಉದ್ದಕ್ಕೂ ನಡೆದು ಕೊನೆಯವರೆಗೆ ಹೋದವರಿಗೆ, ಅದರಲ್ಲೂ ಯಕ್ಷಗಾನ, ಪುರಾಣ ಕೇಳಿ ಬೆಳೆದವರಿಗೆ ಮಾತ್ರ ಹೊಳೆಯುವಂಥದ್ದು. ಸಮುದ್ರಮಥನಕ್ಕೂ ಹನುಮಂತನಿಗೂ ನಾವು ಕೇಳಿದ ಕಥೆಯಲ್ಲಿ ಸಂಬಂಧವೇ ಇಲ್ಲವಲ್ಲ. ಅಲ್ಲಿ ಕೆತ್ತಿದವರು ಕಥೆಯನ್ನು ತಮ್ಮದಾಗಿ ಮಾಡಿಕೊಂಡಿದ್ದರು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಗುರುತು ಬೇಡ. ‘ಭಾರತೀಯ ರಾಜರು’ ಎಂಬ ನಿಮ್ಮ ಮಾತಿಗೂ ಉತ್ತರ ಅದೇ ಗೋಡೆಯಲ್ಲಿದೆ.

ಆ ಗೋಡೆಯನ್ನು ಹತ್ತಿರದಿಂದ ತೋರಿಸಿ. ಪೂರ್ವ ದಿಕ್ಕಿನ ಮೊಗಸಾಲೆಯ ದಕ್ಷಿಣ ಭಾಗ, ಸುಮಾರು 49 ಮೀಟರ್ ಉದ್ದ. ಗೋಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ 92 ಅಸುರರು, ಬಲಕ್ಕೆ 88 ದೇವತೆಗಳು, ನಡುವೆ ಮಂದರ, ಅದರ ಮುಂದೆ ವಿಷ್ಣು, ಕೆಳಗೆ ಕೂರ್ಮ. ಮೇಲೆ ಹಾರುವ ಅಪ್ಸರೆಯರು. ಕೆಳಗಿನ ಪಟ್ಟಿಯಲ್ಲಿ ಮೀನು, ಮೊಸಳೆ. ಕಡೆಗೋಲಿನ ಹತ್ತಿರ ಬಂದ ಜಲಚರಗಳು ತುಂಡಾಗಿವೆ, ನಿಮ್ಮ ಫೋಟೊದ ಕೆಳಗಿನ ಮೂಲೆಯಲ್ಲಿ ಅವೂ ಸಿಕ್ಕಿವೆ, ದೊಡ್ಡದು ಮಾಡಿ ನೋಡಿ. ಹನುಮಂತನೆಂದು ಗುರುತಿಸುವ ವಾನರ ಇರುವುದು ದೇವತೆಗಳ ಸಾಲಿನ ತುದಿಯಲ್ಲಿ, ವಾಸುಕಿಯ ಬಾಲ ಹಿಡಿದು.

‘ಭಕ್ತಿಯಿಂದ ಪ್ರದಕ್ಷಿಣೆ ಹಾಕಿದೆವು’ ಎಂದೂ ಬರೆದಿದ್ದೀರಿ. ಹಾಗಾದರೆ ಕೆತ್ತನೆಗಳನ್ನು ನೀವು ಹಿಂದುಮುಂದಾಗಿ ನೋಡಿದ್ದೀರಿ. ಅಂಕೋರ್ ವಾಟ್‌ನ ಮುಖ ಪಶ್ಚಿಮಕ್ಕೆ. ಒಳಗೆ ಬಂದು ಬಲಕ್ಕೆ ತಿರುಗಿ, ಗುಡಿಯನ್ನು ಎಡಕ್ಕೆ ಇಟ್ಟುಕೊಂಡು ನಡೆದರೆ ಕುರುಕ್ಷೇತ್ರ, ಸೂರ್ಯವರ್ಮನ ಸೇನೆ, ಯಮನ ತೀರ್ಪು, ಸಮುದ್ರಮಥನ ಹೀಗೆ ಸಾಲಾಗಿ ಬಂದು, ಕೊನೆಯಲ್ಲಿ ಮತ್ತೆ ಪಶ್ಚಿಮಕ್ಕೆ ಬಂದಾಗ ಲಂಕೆಯ ಯುದ್ಧ. ಅಂದರೆ ಅಪ್ರದಕ್ಷಿಣೆ. ಪಶ್ಚಿಮದ ಬಾಗಿಲು, ಈ ಸುತ್ತು ಎರಡನ್ನೂ ಸೇರಿಸಿ ಇದು ದೊರೆಯ ಅಂತ್ಯಕ್ರಿಯೆಗೆ ಸಂಬಂಧಪಟ್ಟ ಗುಡಿ ಇರಬಹುದು ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಅಪ್ರದಕ್ಷಿಣೆ ಯಾವಾಗ ಎಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ, ಒಂದು ಸಾಲು ಬರೆದರೆ ಸಾಕು.

ಮಿಕ್ಕ ಗುಡಿಗಳಲ್ಲಿ ಹೆಚ್ಚಿನವನ್ನು ಬಿಡಿ. ಹನ್ನೊಂದು ಗುಡಿಗಳ ಹೆಸರಿನ ಪಟ್ಟಿ ಯಾರ ನೆನಪಿನಲ್ಲೂ ನಿಲ್ಲದು. ತಾ ಪ್ರೋಮ್ ಇರಲಿ, ಆದರೆ ಗೋಡೆ ಹಿಡಿದಿರುವ ಮರಗಳೆಲ್ಲ ಆಲ ಎಂದಿರುವುದನ್ನು ತಿದ್ದಿ. ನುಣುಪಾದ ಬಿಳಿಚು ಕಾಂಡ, ಹಲಗೆಯಂಥ ಬೇರಿನ ದೈತ್ಯ ಮರ ಟೆಟ್ರಾಮೆಲಿಸ್ ನ್ಯೂಡಿಫ್ಲೋರಾ, ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಜಾತಿ. ಕಲ್ಲನ್ನು ಜಾಲದಂತೆ ಸುತ್ತಿರುವುದು ಅತ್ತಿ, ಆಲದ ಕುಲದ್ದು. ಆ ಗುಡಿಯ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಕೆಲಸ ಮಾಡಿದೆ, ಭಾರತದ ಹೆಸರು ಹೇಳಬೇಕಾದ ಜಾಗ ಅದು.

ಕ್ಬಾಲ್ ಸ್ಪಿಯನ್‌ಗೆ ನೀವು ಕೊಟ್ಟಿರುವುದು ‘ನದಿಯಲ್ಲೂ ಶಿವಲಿಂಗಗಳು!’ ಎಂಬ ಒಂದು ಸಾಲು. ಶಿರಸಿ ಹತ್ತಿರ ಶಾಲ್ಮಲೆಯ ಸಹಸ್ರಲಿಂಗ ನೋಡಿದವರು ಇನ್ನೂ ಕೇಳುತ್ತಾರೆ. ಹೊಳೆಯಲ್ಲಿ ನೀರೆಷ್ಟಿತ್ತು? ಲಿಂಗಗಳು ಬಂಡೆಯ ಮೇಲೆ ಬಿಡಿಬಿಡಿಯೋ, ಹೊಳೆಯ ತಳದಲ್ಲಿ ಸಾಲುಸಾಲೋ? ಕಾರು ನಿಲ್ಲಿಸಿದ ಕಡೆಯಿಂದ ಒಂದೂವರೆ ಕಿ.ಮೀ. ಕಾಡು ಹತ್ತಬೇಕು, ಏಪ್ರಿಲ್ ಬಿಸಿಲಿಗೆ ಎಷ್ಟು ಲೀಟರ್ ನೀರು ಒಯ್ದಿರಿ? ಮಳೆಗಾಲದಲ್ಲಿ ನೀರು ಕೆತ್ತನೆಯನ್ನು ಮುಚ್ಚುತ್ತದೆ, ಕಡುಬೇಸಿಗೆಯಲ್ಲಿ ಹೊಳೆ ಬತ್ತಿ ಕೆತ್ತನೆ ತೆರೆದುಕೊಳ್ಳುತ್ತದೆ. ಅಂಥ ಕಡೆ ದಾರಿ ಬಿಟ್ಟು ಕಾಡಿನೊಳಗೆ ಕಾಲಿಡಬಾರದು ಎಂದೂ ಬರೆಯಿರಿ. ಯುದ್ಧದ ಕಾಲದ ನೆಲಬಾಂಬುಗಳು ಆ ದೇಶದಲ್ಲಿ ಇನ್ನೂ ಪೂರ್ತಿ ತೆಗೆದು ಮುಗಿದಿಲ್ಲ.

ಏಳನೇ ಪುಟದ ಒಂದು ಮಾತು ನಮಗೆ ಬಹಳ ಬೇಸರ ತಂದಿತು. ‘ನೋಮ್ ಪೆನ್‌ನಲ್ಲಿ ಮೂರು ದಿನ ಅಂಗಡಿಗಳೆಲ್ಲ ಮುಚ್ಚಿದ್ದವು, ಇಲ್ಲಿಯ ಜನ ಸ್ವಲ್ಪ ಸೋಮಾರಿಗಳು.’ ನೀವು ಅಲ್ಲಿದ್ದದ್ದು ಏಪ್ರಿಲ್ 14ರ ಆಸುಪಾಸು. ಅದು ಖಮೇರ್ ಹೊಸ ವರ್ಷ, ಮೂರು ದಿನದ ಹಬ್ಬ, ಮೊದಲ ದಿನ ಸಂಕ್ರಾಂತಿ. ರಾಜಧಾನಿಯಲ್ಲಿ ದುಡಿಯುವವರು ಊರಿಗೆ ಹೋಗಿರುತ್ತಾರೆ, ಬಸ್ಸು ತುಂಬಿರುತ್ತದೆ, ರೂಮಿನ ಬಾಡಿಗೆ ಏರಿರುತ್ತದೆ. ನೀವು ಪುತ್ತೂರು ಕಡೆಯವರು ಎಂದು ಪರಿಚಯದಲ್ಲಿ ಬರೆದುಕೊಂಡಿದ್ದೀರಿ. ಅದೇ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಬಿಸು ಕಣಿ ಇಟ್ಟಿದ್ದರು. ಅದೇ ಸಂಕ್ರಮಣ, ಅದೇ ಸೌರ ಹೊಸ ವರ್ಷ. ಮಕ್ಕಳು ನಿಮ್ಮ ಕೆನ್ನೆಗೆ ಪೌಡರ್ ಬಳಿದು ನೀರೆರಚಿದ್ದನ್ನು ‘ಕಿರಿಕಿರಿ’ ಎಂದಿದ್ದೀರಿ, ಅದು ಹಬ್ಬದ ಆಟ. ಅವಮಾನದ ಆ ಸಾಲನ್ನು ತೆಗೆದು, ಆ ಮೂರು ದಿನಗಳನ್ನು ಮೊದಲಿಂದ ಮತ್ತೆ ಬರೆಯಿರಿ.

ತುಓಲ್ ಸ್ಲೆಂಗ್ ಬಗ್ಗೆ ಎರಡು ಪ್ಯಾರಾ, ಜೊತೆಗೆ ನಗುತ್ತಿರುವ ಸೆಲ್ಫಿ ಇದೆ. ಸೆಲ್ಫಿ ಬೇಡ. ಶಾಲೆಯೊಂದನ್ನು ಜೈಲು ಮಾಡಿ, 1975ರಿಂದ 1979ರವರೆಗೆ ದೇಶ ಆಳಿದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣ ಸಾವಿರಾರು ಜನರನ್ನು ಹಿಂಸಿಸಿದ ಜಾಗ ಅದು. ಆದರೆ ಅಲ್ಲೇ ಒಂದು ವಾಕ್ಯ ಚೆನ್ನಾಗಿದೆ: ‘ನಮ್ಮ ಟುಕ್‌ಟುಕ್ ಚಾಲಕರು, ಸುಮಾರು ಅರವತ್ತು ವರ್ಷ, ಒಳಗೆ ಬರಲಿಲ್ಲ, ಗೇಟಿನ ಎದುರು ಗಾಡಿಯನ್ನು ನೆರಳಿಗೆ ತಿರುಗಿಸಿ ಕೂತರು.’ ಇಷ್ಟಕ್ಕೆ ನಿಲ್ಲಿಸಿ. ಅದರ ಮುಂದಿನ ‘ಅವರ ಕಣ್ಣುಗಳಲ್ಲಿ ನೋವಿನ ಸಾಗರವೇ ಇತ್ತು’ ಎಂಬುದನ್ನು ಹೊಡೆಯಿರಿ. ಅರವತ್ತು ವರ್ಷದವರು ಆಗ ಹತ್ತರ ಹುಡುಗ. ಆ ವಯಸ್ಸಿನ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಗದ್ದೆ, ಕಾಲುವೆ ಕೆಲಸಕ್ಕೆ ಹಾಕುತ್ತಿದ್ದರು. ಈ ಲೆಕ್ಕವನ್ನು ಓದುಗರಿಗೆ ಒಂದು ವಾಕ್ಯದಲ್ಲಿ ಕೊಡಿ, ಆದರೆ ಅವರ ಮನೆಯವರಿಗೆ ಏನಾಯಿತು ಎಂದು ಅವರು ಹೇಳದಿದ್ದರೆ ನೀವು ಊಹಿಸಿ ಬರೆಯಬೇಡಿ.

ಹೊಸ ಸ್ನೇಹಿತರ ಭಾಗಕ್ಕೂ ಇದೇ ನಿಯಮ. ಹಾಸ್ಟೆಲ್‌ನಲ್ಲಿ ಸಿಕ್ಕ ಇಬ್ಬರ ಪೂರ್ತಿ ಹೆಸರು, ಅವರ ಪ್ರೇಮದ ಜಗಳ ಎಲ್ಲ ಇಲ್ಲಿದೆ. ಅವರನ್ನು ಕೇಳಿ, ಒಪ್ಪಿದರೂ ಹೆಸರು ಬದಲಿಸಿ. ಅವರು ‘ತುಂಬ ಒಳ್ಳೆಯವರು’ ಎನ್ನುವುದರ ಬದಲು ಏನು ಮಾಡಿದರು ಎಂದು ಹೇಳಿ. ನಿಮ್ಮ ಹರಿದ ಹತ್ತು ಡಾಲರ್ ನೋಟನ್ನು ಯಾರೂ ಮುಟ್ಟದಿದ್ದಾಗ ಅವರಲ್ಲೊಬ್ಬರು ರಿಯಲ್‌ಗಳಲ್ಲಿ ನಿಮ್ಮ ಊಟದ ದುಡ್ಡು ಕೊಟ್ಟರಲ್ಲ, ಸ್ನೇಹ ಅಲ್ಲಿ ತಾನಾಗಿ ಕಾಣುತ್ತದೆ. ಜೊತೆಗೆ ಚೂರು ಹರಿದ ಡಾಲರ್ ಕೂಡ ಅಲ್ಲಿ ನಡೆಯದು, ಒಂದು ಡಾಲರಿಗೆ ಸುಮಾರು 4,000 ರಿಯಲ್, ಚಿಲ್ಲರೆ ರಿಯಲ್‌ನಲ್ಲೇ ಬರುತ್ತದೆ ಎನ್ನುವುದೂ ಓದುಗರಿಗೆ ಗೊತ್ತಾಗುತ್ತದೆ. ಅನಾಥಾಶ್ರಮದ ಭೇಟಿ ಮತ್ತು ಮಕ್ಕಳ ಫೋಟೊಗಳನ್ನು ಪೂರ್ತಿ ಕೈಬಿಡಿ. ಅಂಥ ಆಶ್ರಮಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ, ಪ್ರವಾಸಿಗರ ದುಡ್ಡೇ ಮಕ್ಕಳನ್ನು ಅಲ್ಲಿಗೆ ಎಳೆಯುತ್ತಿದೆ ಎನ್ನುವುದು ಎಂದೋ ಬಯಲಾಗಿದೆ.

ಕಾಂಪೋಟ್‌ನಲ್ಲಿ ‘ಪೆಪ್ಪರ್ ಫಾರ್ಮ್ ನೋಡಿದೆವು, ಸೂಪರ್’ ಎಂದು ಮುಂದೆ ಹೋಗಿದ್ದೀರಿ. ಅಡಿಕೆ ತೋಟದ ಮನೆಯವರು ನೀವು, ನಮ್ಮ ಓದುಗರಲ್ಲೂ ಅರ್ಧ ಜನ ಹಾಗೆಯೇ. ಇಲ್ಲಿ ಒಂದು ಪುಟ ಬೇಕು. ನಮ್ಮಲ್ಲಿ ಬಳ್ಳಿ ಅಡಿಕೆ, ಹಾಲುವಾಣ, ಸಿಲ್ವರ್ ಓಕ್ ಹತ್ತುತ್ತದೆ, ಅಲ್ಲಿ ನೆಟ್ಟ ಕಂಬಗಳನ್ನು. ಕಂಬ ಎಷ್ಟು ಎತ್ತರ, ಸಾಲಿನ ಅಂತರ ಎಷ್ಟು, ನೆರಳಿಗೆ ಏನು ಕಟ್ಟುತ್ತಾರೆ, ಸೊರಗು ರೋಗಕ್ಕೆ ಏನು ಮಾಡುತ್ತಾರೆ? ಏಪ್ರಿಲ್ ಅಲ್ಲಿ ಕೊಯ್ಲಿನ ಕಾಲ. ಹಸಿರು ಕಾಳು ಒಣಗಿಸಿದರೆ ಕರಿಮೆಣಸು, ಬಳ್ಳಿಯಲ್ಲೇ ಹಣ್ಣಾದದ್ದನ್ನು ಆರಿಸಿ ಒಣಗಿಸಿದರೆ ಕೆಂಪು, ಹಣ್ಣನ್ನು ನೆನೆಸಿ ಸಿಪ್ಪೆ ತೆಗೆದರೆ ಬೋಳುಕಾಳು, ಅಂದರೆ ಬಿಳಿಮೆಣಸು. ಖಮೇರ್ ರೂಜ್ ಕಾಲದಲ್ಲಿ ಹಾಳುಬಿದ್ದ ಆ ತೋಟಗಳು ಮತ್ತೆ ಎದ್ದು, 2010ರಲ್ಲಿ ಭೌಗೋಳಿಕ ಗುರುತು (ಜಿಐ) ಪಡೆದವು. ಅಂಗಡಿಯಲ್ಲಿ 100 ಗ್ರಾಂಗೆ ಎಷ್ಟು ಕೊಟ್ಟಿರಿ? ಪುತ್ತೂರಿನ ದರದ ಪಕ್ಕದಲ್ಲಿಟ್ಟು ತೋರಿಸಿ.

ಕೋ ರೋಂಗ್ ಕಡಲತೀರಕ್ಕೆ ಅರ್ಧ ಪುಟ ಸಾಕು. ರಾತ್ರಿ ನೀರು ಹೊಳೆದದ್ದನ್ನು ಬರೆಯುವಾಗ ತಿಥಿ ಹೇಳಿ, ಬೆಳದಿಂಗಳಿದ್ದರೆ ಆ ಹೊಳಪು ಕಾಣದು. ನೀರಿಗೆ ಕೈಯಾಡಿಸಿದಾಗ ಮಿನುಗುವುದು ಒಂದೇ ಕೋಶದ ಜೀವಿಗಳು. ಮರಳುನೊಣ ಕಚ್ಚಿ ವಾರ ತುರಿಸಿದ್ದನ್ನು ಬಚ್ಚಿಡಬೇಡಿ. ಸಸ್ಯಾಹಾರಿಗಳಿಗೆ ಒಂದು ಸಾಲು ಬೇಕು: ಮಾಂಸ ಬೇಡ ಎಂದರೆ ಸಾಲದು, ಮೀನಿನ ಸಾಸ್, ಪ್ರಹೋಕ್ ಎಂಬ ಹುದುಗಿಸಿದ ಮೀನು ಎರಡನ್ನೂ ಬೇರೆಯಾಗಿ ಬೇಡ ಎನ್ನಬೇಕು, ಇಲ್ಲವಾದರೆ ತರಕಾರಿ ಪಲ್ಯದಲ್ಲೂ ಬಂದಿರುತ್ತದೆ.

ಹೊಸ ಕರಡು 1,800 ಪದ ಮೀರದಿರಲಿ. ಹನುಮಂತನ ಪ್ರಶ್ನೆಯಿಂದ ಶುರು ಮಾಡಿ. ಅಂಕೋರ್‌ಗೆ 600 ಪದ, ಹೊಸ ವರ್ಷ ಮತ್ತು ನೋಮ್ ಪೆನ್‌ಗೆ 500, ಮೆಣಸಿಗೆ 400, ಉಳಿದದ್ದು ದ್ವೀಪಕ್ಕೆ, ಖರ್ಚಿನ ವಿವರಕ್ಕೆ. ಶೀರ್ಷಿಕೆ ಬದಲಿಸಿ. ಫೋಟೊ ಆರು ಸಾಕು, ವಾಟ್ಸ್ಯಾಪ್‌ನಲ್ಲಿ ಕುಗ್ಗಿದವು ಅಚ್ಚಿಗೆ ಬರುವುದಿಲ್ಲ, ಮೂಲ ಫೈಲುಗಳನ್ನೇ ಮೇಲ್ ಮಾಡಿ. ಪ್ರತಿ ಫೋಟೊಗೂ ಜಾಗ, ದಿನಾಂಕ, ಒಂದು ಸಾಲಿನ ವಿವರ ಇರಲಿ. ಬೆಲೆಗಳ ಮುಂದೆ ಯಾವ ತಿಂಗಳಿನದು ಎಂದು ಬರೆಯಿರಿ. ಮಳೆಗಾಲ ಮುಗಿಯುವುದರೊಳಗೆ ನಮ್ಮ ಕೈಸೇರಿದರೆ, ಅಲ್ಲಿಗೆ ಹೋಗಲು ಹಿತವಾದ ನವೆಂಬರ್‌ಗೆ ಮುಂಚಿನ ಸಂಚಿಕೆಯಲ್ಲಿ ಹಾಕಬಹುದು.

ವಿಶ್ವಾಸದಿಂದ,
ಸಂಪಾದಕ ಬಳಗ